ಒಂದಕ್ಷರದ ಅನರ್ಥ

ನಮ್ಮ 11ನೆಯ ವರ್ಣತಂತುವಿನಲ್ಲಿ ‘ಎಚ್-ರಾಸ್’ ಎಂಬ ಜೀನು ಉಂಟು. ಅದು ಬರೆದಿಟ್ಟಂತೆ ಜೀವಕೋಶದಲ್ಲಿ 189 ಅಮೈನೋ ಆಮ್ಲಗಳ ಒಂದು ಪ್ರೋಟೀನು ತಯಾರಾಗುತ್ತದೆ. ಇದನ್ನು ನಾನು ಡಂಗುರ ಸಾರುವ ತಳವಾರನಿಗೆ ಹೋಲಿಸುತ್ತೇನೆ. ಹೊರಗಿನಿಂದ ‘ಬೆಳೆ’ ಎಂಬ ಅಪ್ಪಣೆ ಬಂದೊಡನೆ ಅದು ಜಿ.ಟಿ.ಪಿ. ಎಂಬ ಅಣುವನ್ನು ಹಿಡಿದು, ಸುದ್ದಿಯನ್ನು ಕೋಶದೊಳಕ್ಕೆ ಸಾರುತ್ತದೆ. ಬಳಿಕ ಆ ಅಣುವನ್ನು ಜಿ.ಡಿ.ಪಿ.ಯಾಗಿ ಒಡೆದು ಸುಮ್ಮನಾಗುತ್ತದೆ.

1982ರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕೋಶಗಳನ್ನು ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳು, ಈ ಜೀನಿನ ಬರಹದಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದುದನ್ನು ಕಂಡರು. ಅದರಿಂದ ಪ್ರೋಟೀನಿನ 12ನೆಯ ಸ್ಥಾನದಲ್ಲಿ ಗ್ಲೈಸೀನಿಗೆ ಬದಲು ವ್ಯಾಲೀನ್ ಬಂದು ಕುಳಿತಿತ್ತು. ಅಷ್ಟಕ್ಕೇ ಜಿ.ಟಿ.ಪಿ.ಯನ್ನು ಒಡೆಯುವ ಶಕ್ತಿ ಕುಂದಿತು. ಅಪ್ಪಣೆಯಿಲ್ಲದಿದ್ದರೂ ಡಂಗುರ ನಿಲ್ಲದು; ಕೋಶವು ಮಿತಿಯಿಲ್ಲದೆ ಬೆಳೆಯತೊಡಗುವುದು. ನಿಲ್ಲಬೇಕಾದಲ್ಲಿ ನಿಲ್ಲಬಲ್ಲ ಬೆಳವಣಿಗೆಯೇ ಆರೋಗ್ಯವೆಂದು ನಾನು ಇದರಿಂದ ಅರಿತೆ.