ಹಳಿ ಹಾಕುವ ಮುನ್ನ ಮಾತು

ಶರಾವತಿ ಕಡಲು ಸೇರುವ ಹೊನ್ನಾವರದಲ್ಲಿ ರೈಲು ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯನ್ನು ದಾಟುತ್ತದೆ. ಕೊಂಕಣ ರೈಲು ಮಾರ್ಗದ ಅತಿ ಉದ್ದದ ಸೇತುವೆ ಅದು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗೆ ದೊಡ್ಡವು, ಸಣ್ಣವು ಸೇರಿ ಸುಮಾರು 2,000 ಸೇತುವೆಗಳಿವೆ. ಸುರಂಗಗಳು 90ಕ್ಕೂ ಹೆಚ್ಚು. ಈ ಕಾಮಗಾರಿಯನ್ನು ಎಂಜಿನಿಯರಿಂಗ್ ಸಾಹಸವೆಂದು ಹೊಗಳುವುದು ವಾಡಿಕೆ. ಸಾಹಸವೇನೋ ಹೌದು. ಆದರೆ ಕೆಳಗಿನವರ ಮಾತು ಮೇಲಿನವರ ಕಿವಿಗೆ ಬೇಗ ಬೀಳದಿದ್ದರೆ, ಬಿದ್ದ ಮೇಲೂ ಅವರು ತಮ್ಮ ಲೆಕ್ಕಾಚಾರವನ್ನು ತಿದ್ದಿಕೊಳ್ಳದಿದ್ದರೆ ಈ ಹಳಿ ಕರಾವಳಿಗೆ ಬರುತ್ತಿರಲಿಲ್ಲ.

ಮನೆ ಬಾಗಿಲಿಗೆ ಹೋದವರು

1990ರಲ್ಲಿ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ ಕೊಂಕಣ ರೈಲು ನಿಗಮ ಹುಟ್ಟಿತು. ರೈಲ್ವೆಯ ಜೊತೆ ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ ಸರ್ಕಾರಗಳೂ ಬಂಡವಾಳ ಹಾಕಿದವು. ಚುಕ್ಕಾಣಿ ಹಿಡಿದವರು ರೈಲ್ವೆ ಮಂಡಳಿಯಿಂದ ಆಗಷ್ಟೇ ನಿವೃತ್ತರಾಗಿದ್ದ ಇ. ಶ್ರೀಧರನ್. ಅವರು ಇಡೀ ಮಾರ್ಗವನ್ನು ಏಳು ವಿಭಾಗಗಳಾಗಿ ಹಂಚಿದರು. ತಲಾ ಸುಮಾರು 100 ಕಿ.ಮೀ.ನ ಹೊಣೆ ಒಬ್ಬೊಬ್ಬ ಮುಖ್ಯ ಎಂಜಿನಿಯರರ ಪಾಲಿಗೆ ಬಂತು. ಕಾರವಾರ ಮತ್ತು ಉಡುಪಿ ಅಂಥ ಎರಡು ವಿಭಾಗಗಳು. ಹೊಳೆ, ಗುಡ್ಡ, ಊರಿನ ಜನ ಎಲ್ಲವನ್ನೂ ಹತ್ತಿರದಿಂದ ಬಲ್ಲವರ ಕೈಗೇ ಕೆಲಸದ ಹಿಡಿತ ಸಿಕ್ಕಿದ್ದು ಹೀಗೆ. ಮುಗಿಸಲು ಇನ್ನೆಷ್ಟು ದಿನ ಉಳಿದಿದೆ ಎಂದು ತೋರಿಸುವ ಗಡಿಯಾರಗಳನ್ನೂ ಶ್ರೀಧರನ್ ಹಾಕಿಸಿದರು. ಅವನ್ನು ಕಂಡವರಿಗೆ ಗಡುವನ್ನು ನೆನಪಿಸುವ ಸುತ್ತೋಲೆ ಬೇಕಿರಲಿಲ್ಲ.

ಮೊದಲ ಸವಾಲು ಜಮೀನಿನದು. ಸುಮಾರು 42,000 ಮಂದಿಯ ಗದ್ದೆ, ತೋಟ, ಮನೆಗಳ ಮೇಲೆ ಹಳಿ ಹಾಯಬೇಕಿತ್ತು. ನೋಟಿಸು ಅಂಟಿಸಿ ಕೈತೊಳೆದುಕೊಂಡಿದ್ದರೆ ನ್ಯಾಯಾಲಯಗಳಲ್ಲಿ ದಾವೆಗಳು ರಾಶಿ ಬೀಳುತ್ತಿದ್ದವು. ಎಂಜಿನಿಯರರೇ ಜಮೀನಿನ ಒಡೆಯರ ಮನೆಗಳಿಗೆ ಹೋಗಿ ಮಾತನಾಡಿದರು. ತಲೆಮಾರುಗಳಿಂದ ಬಂದ ಭೂಮಿಯನ್ನು ಅನೇಕರು ತಾವಾಗಿಯೇ ಬಿಟ್ಟುಕೊಟ್ಟರು. ಹತ್ತಾರು ವರ್ಷ ಎಳೆಯಬಹುದಾಗಿದ್ದ ಭೂಸ್ವಾಧೀನದ ಬಹುಪಾಲು ಒಂದು ವರ್ಷದಲ್ಲಿ ಮುಗಿಯಿತು.

ಗೋವಾದಲ್ಲಿ ಕಥೆ ಬೇರೆಯಾಯಿತು. ಹಳಿಯ ಹಾದಿಯಿಂದ ಖಾಜನ್ ಎಂಬ ತಗ್ಗಿನ ಗದ್ದೆಗಳಿಗೂ ಹಳೆಯ ಗೋವಾದ ಪರಂಪರೆಗೂ ಧಕ್ಕೆ ಎಂದು ಜನ ಬೀದಿಗಿಳಿದರು. 1993ರಲ್ಲಿ ಅಲ್ಲಿ ಕೆಲಸ ನಿಂತಿತು, ವಿಚಾರಣಾ ಆಯೋಗ ಕೂತಿತು. ಕೊನೆಗೆ ಮೂಲ ಹಾದಿಯೇ ಉಳಿಯಿತಾದರೂ ಕಳೆದುಹೋದ ತಿಂಗಳುಗಳು ಮರಳಲಿಲ್ಲ. ಮೊದಲೇ ಆಡಬೇಕಾದ ಮಾತನ್ನು ಆಡದೆ ಉಳಿಸಿಕೊಂಡರೆ ಅದು ಚಳವಳಿಯ ಘೋಷಣೆಯಾಗಿ ಎದುರು ನಿಲ್ಲುತ್ತದೆ.

ನೆಲಕ್ಕೆ ತಕ್ಕ ಕೆಲಸ

ಸಹ್ಯಾದ್ರಿಯ ಗಟ್ಟಿ ಬಂಡೆ ಕೊರೆಯುವುದೇ ಕಷ್ಟ ಎಂದುಕೊಂಡು ಸ್ವೀಡನ್ನಿನಿಂದ ಹೈಡ್ರಾಲಿಕ್ ಯಂತ್ರಗಳನ್ನು ತರಿಸಲಾಗಿತ್ತು. ಬಂಡೆ ಮಣಿಯಿತು, ಸತಾಯಿಸಿದ್ದು ಮೆತ್ತನೆಯ ಮಣ್ಣು. ಒಂಬತ್ತು ಸುರಂಗಗಳಲ್ಲಿ ನೀರು ಕುಡಿದ ಜೇಡಿಮಣ್ಣು ಎದುರಾಯಿತು. ಅಗೆದ ಬೆನ್ನಿಗೇ ಗೋಡೆ ಕುಸಿಯುತ್ತಿತ್ತು, ಅಗೆದದ್ದನ್ನೇ ಮತ್ತೆ ಅಗೆಯಬೇಕಾಗುತ್ತಿತ್ತು. ಯಂತ್ರ ಬದಿಗಿಟ್ಟು ಕೈಯಿಂದಲೇ ಇಂಚಿಂಚಾಗಿ ಅಗೆದು, ಕೂಡಲೇ ಆಸರೆ ಕೊಟ್ಟು ಮುಂದೆ ಸಾಗಬೇಕಾಯಿತು. ಗೋವಾದ ಪೆಡ್ನೆ ಸುರಂಗವಂತೂ ಕಡೆಯವರೆಗೂ ಕಾಡಿತು. ಈ ಮೆದು ಮಣ್ಣಿನ ಸುರಂಗಗಳಲ್ಲೇ 19 ಜೀವಗಳು ಹೋದವು.

ಸೇತುವೆಗಳದ್ದೂ ಇದೇ ಹಾದಿ. ಭಾರಿ ತೊಲೆಗಳನ್ನು ಹೊತ್ತು ತರಲು ಯೋಗ್ಯ ರಸ್ತೆಗಳಿಲ್ಲದ ಕಡೆ ತೊಲೆಗಳನ್ನು ಸ್ಥಳದಲ್ಲೇ ಎರಕ ಹೊಯ್ದರು. ನದಿಗಳಲ್ಲಿ ತೇಲುವ ವೇದಿಕೆಯ ಕ್ರೇನ್ ಬಳಸಿ ಅವನ್ನು ಕೂರಿಸಿದರು. ರತ್ನಾಗಿರಿ ಬಳಿ 64 ಮೀಟರ್ ಎತ್ತರದ ಪನ್ವಲ್ ನದಿ ಸೇತುವೆಗೆ, ಒಂದು ತುದಿಯಲ್ಲಿ ತುಂಡುತುಂಡಾಗಿ ಎರಕ ಹೊಯ್ದು ಕಂಬಗಳ ಮೇಲೆ ಮುಂದಕ್ಕೆ ತಳ್ಳುತ್ತ ಹೋಗುವ ವಿಧಾನವನ್ನು ಭಾರತದಲ್ಲಿ ಮೊದಲ ಬಾರಿಗೆ ಬಳಸಲಾಯಿತು.

ಐದು ವರ್ಷದ ಗಡುವು ತಪ್ಪಿತು, ನಿಜ. ಹಾಗೆಂದು ಪೂರ್ತಿ ಮಾರ್ಗ ಸಿದ್ಧವಾಗುವ ತನಕ ಜನರನ್ನು ಕಾಯಿಸಲಿಲ್ಲ. ಮಂಗಳೂರು–ಉಡುಪಿ ನಡುವೆ 1993ರ ಮಾರ್ಚ್‌ನಲ್ಲೇ ಪ್ರಯಾಣಿಕರ ರೈಲು ಓಡಿತು. ಸಿದ್ಧವಾದ ತುಂಡನ್ನು ಜನರ ಕೈಗೊಪ್ಪಿಸುತ್ತ 1998ರ ಜನವರಿ 26ಕ್ಕೆ ಇಡೀ ಮಾರ್ಗ ಮುಗಿಯಿತು.

ಮಳೆಗೆ ಕಿವಿಗೊಡುವ ರೈಲು

ಕಟ್ಟಿ ಮುಗಿಸಿದ ಮೇಲೂ ಕಲಿಕೆ ನಿಲ್ಲಲಿಲ್ಲ. 2003ರ ಜೂನ್‌ನಲ್ಲಿ ವೈಭವವಾಡಿ ಬಳಿ ಕುಸಿದ ಗುಡ್ಡಕ್ಕೆ ಕಾರವಾರದಿಂದ ಹೊರಟ ರೈಲು ಸಿಕ್ಕಿ ಸುಮಾರು 50 ಮಂದಿ ಸತ್ತರು. ಮರುವರ್ಷ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಳಿ ತಪ್ಪಿತು. ಇಂದು ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ ಇದೆ, ರೈಲುಗಳ ವೇಗ ತಗ್ಗುತ್ತದೆ. ಅಪಾಯದ ಜಾಗಗಳಲ್ಲಿ ಹಗಲೂ ರಾತ್ರಿ ಕಾವಲು ಇರುತ್ತದೆ. ಆಯ್ದ ನಿಲ್ದಾಣಗಳ ಮಳೆಮಾಪಕಗಳು ಮಳೆ ಜೋರಾದಾಗ ಎಚ್ಚರಿಸುತ್ತವೆ. ಹಳಿಯುದ್ದಕ್ಕೂ ಸರಾಸರಿ ಕಿಲೋಮೀಟರಿಗೊಂದರಂತೆ ತುರ್ತು ಸಂಪರ್ಕ ಸಾಕೆಟ್‌ಗಳಿದ್ದು, ಕಾವಲುಗಾರ ಅಲ್ಲಿಂದಲೇ ಸ್ಟೇಷನ್ ಮಾಸ್ಟರಿಗೆ ಸುದ್ದಿ ಮುಟ್ಟಿಸಬಹುದು. ಎದುರಿನ ದಾರಿ ಮಸುಕಾಗುವಷ್ಟು ಮಳೆ ಸುರಿದರೆ ವೇಗವನ್ನು ಗಂಟೆಗೆ 40 ಕಿ.ಮೀ.ಗೆ ಇಳಿಸಲು ಲೋಕೊ ಪೈಲಟ್‌ಗೆ ಸೂಚನೆಯಿದೆ.

ಯೋಜನಾ ನಿರ್ವಹಣೆಯ ಸಾರವೆಲ್ಲ ಈ ಮಳೆಗಾಲದ ವ್ಯವಸ್ಥೆಯಲ್ಲಿದೆ. ಕೊಡೆ ಹಿಡಿದು ಹಳಿಯ ಮೇಲೆ ನಡೆಯುವವನ ಮಾತಿಗೆ ರೈಲು ನಿಲ್ಲಿಸುವ ಬೆಲೆ ಇರಬೇಕು. ಕೆಟ್ಟ ಸುದ್ದಿ ತಂದವನನ್ನು ಗದರಿಸುವ ಕಚೇರಿಗೆ ಮುಂದಿನ ಸಲ ಸುದ್ದಿಯೇ ಬರುವುದಿಲ್ಲ. ಸುದ್ದಿ ಬಾರದ ಕಚೇರಿ ತನ್ನ ಯೋಜನೆಯನ್ನು ತಿದ್ದಿಕೊಳ್ಳಲಾರದು. ಹೊಂದಿಕೊಳ್ಳುವುದೆಂದರೆ ಗುರಿ ಸಡಿಲಿಸುವುದಲ್ಲ; ಗುರಿ ಹಿಡಿದುಕೊಂಡೇ ದಾರಿ ಬದಲಿಸುವ ಧೈರ್ಯ ಅದು.

ನಮ್ಮ ಊರುಗಳಲ್ಲಿ ಇಂದು ಮೇಲ್ಸೇತುವೆ, ಕುಡಿಯುವ ನೀರಿನ ಕೊಳವೆ, ಹೆದ್ದಾರಿ ಅಗಲೀಕರಣ ನಡೆಯುತ್ತಲೇ ಇವೆ. ಡಾಂಬರು ಹಾಕಿದ ಬೆನ್ನಿಗೇ ರಸ್ತೆ ಅಗೆಯುವ ಇಲಾಖೆಗಳಿಗೆ ಹಣಕ್ಕಿಂತ ಹೆಚ್ಚು ಕೊರತೆ ಇರುವುದು ಪರಸ್ಪರ ಮಾತಿನದು. ಹೊಸ ಕಾಮಗಾರಿಗೆ ಗುದ್ದಲಿ ಪೂಜೆ ನಡೆದ ದಿನವೇ ಕೇಳೋಣ: ಇಲ್ಲಿ ತೊಂದರೆಯಾದರೆ ಯಾರಿಗೆ ಹೇಳಬೇಕು, ಅವರು ಎಷ್ಟು ದಿನದಲ್ಲಿ ಉತ್ತರ ಕೊಡುತ್ತಾರೆ, ನಕ್ಷೆ ತಪ್ಪಾಗಿದ್ದರೆ ತಿದ್ದುವ ಅಧಿಕಾರ ಯಾರಿಗಿದೆ? ಈ ಮೂರಕ್ಕೂ ಉತ್ತರ ಕೊಡದ ಯೋಜನೆ ಎಷ್ಟೇ ಕೋಟಿಯದಾದರೂ ಸರಿಯಾಗಿ ಶುರುವಾಗಿಲ್ಲವೆಂದೇ ಅರ್ಥ.