ಹೆಬ್ಬಾತು ಅಪ್ಪ, ಪಾಂಡಾ ಮಗ: ಅಂಗಡಿಕಾರನಿಗೆ ಕಾರ್ಟೂನ್ ಕಲಿಸಿದ ಪಾಠ

ಕಾರ್ಟೂನ್ ಅಂದ್ರ ಹುಡುಗರ ಆಟ ಎಂದು ತಿಳಿದವರಲ್ಲಿ ನಾನೂ ಒಬ್ಬ. ಅಕ್ಕಲಕೋಟದ ನಮ್ಮ ಕಾಳುಕಡಿ ಅಂಗಡಿಯಲ್ಲಿ ಕುಳಿತು ತೊಗರಿ ದರ ಹೇಳುವುದರಲ್ಲೇ ನನ್ನ ಆಯುಷ್ಯ ಕಳೆದಿದೆ. ಗಿರಾಕಿ ಬಂದರೆ ಮರಾಠಿ, ಮನೆಗೆ ಹೋದರೆ ಕನ್ನಡ. ಸಿನಿಮಾಕ್ಕೆ ಪುರಸೊತ್ತೆಲ್ಲಿ? ಕಳೆದ ಬ್ಯಾಸಿಗಿ ಸೂಟಿಗೆ ಪುಣೆಯಿಂದ ಬಂದ ಮೊಮ್ಮಗ ನನ್ನನ್ನು ಟಿ.ವಿ. ಮುಂದೆ ಕೂಡಿಸಿ ಹಿಂದಿಯ 'ಕುಂಗ್ ಫು ಪಾಂಡಾ' ಹಚ್ಚಿದ.

ಅಮೆರಿಕದ ಡ್ರೀಮ್‌ವರ್ಕ್ಸ್ ಸಂಸ್ಥೆಯ ಈ ಮಾಲಿಕೆಯ ಮೊದಲ ಚಿತ್ರ ಬಂದದ್ದು 2008ರಲ್ಲಿ. ಮುಂದಿನ ಮೂರು 2011, 2016 ಮತ್ತು 2024ರಲ್ಲಿ ಬಂದವು. ಕಥೆ ನಡೆಯುವುದು ಹಳೆಯ ಕಾಲದ ಚೀನಾದಲ್ಲಿ. ಪಾತ್ರಗಳೆಲ್ಲ ಪ್ರಾಣಿ, ಪಕ್ಷಿಗಳು. ಪೋ ಎಂಬ ದಡೂತಿ ಪಾಂಡಾನ ಅಪ್ಪ ಪಿಂಗ್ ಒಂದು ಹೆಬ್ಬಾತು. ನೂಡಲ್ಸ್ ಸಾರಿನ ಖಾನಾವಳಿ ಅವನದು. ಮಗ ತನ್ನ ನಂತರ ಅಂಗಡಿ ನಡೆಸಲಿ ಎಂಬುದು ಅಪ್ಪನ ಆಸೆ. ಮಗನ ಕನಸೆಲ್ಲ ಕುಂಗ್ ಫು.

"ಅಜ್ಜಾ, ಇಂವಾ ನಿನ್ನಂಗ ಅದಾನ ನೋಡು" ಅಂದ ಹುಡುಗ. ನಕ್ಕೆ. ಆದರೆ ಮಾತು ಎದೆಗೆ ನಾಟಿತು. ನನ್ನ ಮಗ ಎಂಟು ವರ್ಷದ ಹಿಂದೆ ಅಂಗಡಿ ಬಿಟ್ಟು ಪುಣೆಗೆ ಹೋಗಿ ಗಾಡಿ ರಿಪೇರಿ ಕೆಲಸ ಹಿಡಿದ. ಅಂದಿನಿಂದ ನಮ್ಮಿಬ್ಬರ ಮಾತು "ಊಟಾಯ್ತೇನು" ಅನ್ನುವುದಕ್ಕೇ ನಿಂತಿತ್ತು.

ಆ ಚಿತ್ರದಲ್ಲಿ ಊಗ್ವೇ ಎಂಬ ಮುದಿ ಆಮೆ ಗುರು ಇದ್ದಾನೆ. ಪೀಚ್ ಹಣ್ಣಿನ ಬೀಜ ಎಲ್ಲಿ ನೆಡಬೇಕು ಎಂಬುದು ನಮ್ಮ ಕೈಯಲ್ಲಿದೆ, ಆದರೆ ಅದರಿಂದ ಸೇಬು ಬಯಸಿದರೆ ಸಿಗದು, ಪೀಚ್ ಗಿಡವೇ ಏಳುತ್ತದೆ ಎಂಬುದು ಅವನ ಮಾತಿನ ಸಾರ. ಒಕ್ಕಲುತನ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಗರಿ ಬಿತ್ತಿ ಕಡಲೆ ಬರಲಿಲ್ಲ ಅಂತ ಹೊಲದ ಮೇಲೆ ಸಿಟ್ಟಾಗುವವರು ಯಾರೂ ಇಲ್ಲ. ಮಕ್ಕಳ ಮೇಲೆ ಮಾತ್ರ ಆಗುತ್ತೇವೆ.

ಪೋಗೆ ಮಹಾವಿದ್ಯೆಯ ಸುರುಳಿ ಸಿಗುತ್ತದೆ. ಬಿಚ್ಚಿದರೆ ಒಳಗೆ ಒಂದಕ್ಷರವೂ ಇಲ್ಲ. ಬರೀ ಹೊಳಪು, ಅದರಲ್ಲಿ ಅವನದೇ ಮುಖ. ಸೋತು ಅಪ್ಪನ ಹತ್ತಿರ ಬರುತ್ತಾನೆ. ಪಿಂಗ್ ಆಗ ಬಹಳ ದಿನ ಮುಚ್ಚಿಟ್ಟಿದ್ದ ಸಾರಿನ ಗುಟ್ಟು ಹೇಳುತ್ತಾನೆ. ಗುಟ್ಟೆಂದರೆ ಗುಟ್ಟೇ ಇಲ್ಲ! ವಿಶೇಷ ಅಂತ ನಂಬಿ ಮಾಡಿದರೆ ಅದೇ ವಿಶೇಷ. ಕೇಳಿದ ಕೂಡಲೇ ಮಗನಿಗೆ ಖಾಲಿ ಸುರುಳಿಯ ಅರ್ಥ ಹೊಳೆಯುತ್ತದೆ. ಗುರುಗಳಿಂದ ಆಗದ್ದು ಅಪ್ಪನ ಒಲೆಯ ಮುಂದೆ ಆಯಿತು. ಅಂಗಡಿ ಬಿಟ್ಟು ಹೋದ ಮಗನಿಗೂ ಅಂಗಡಿಯ ಬುದ್ಧಿಯೇ ಕೈಹಿಡಿಯಿತು.

ಎರಡನೆಯ ಚಿತ್ರದಲ್ಲಿ ಪೋ ಸಾಕುಮಗನೆಂಬುದು ಬಯಲಾಗುತ್ತದೆ. ಕೂಸಾಗಿದ್ದಾಗ ಮೂಲಂಗಿ ಪೆಟ್ಟಿಗೆಯಲ್ಲಿ ಖಾನಾವಳಿಗೆ ಬಂದವನು. ಮೂರನೆಯದರಲ್ಲಿ ಹೆತ್ತ ತಂದೆ ಲಿ ಶಾನ್ ಬಂದಾಗ ಪಿಂಗನಿಗೆ ಹೊಟ್ಟೆಕಿಚ್ಚು. ಮಗನಿಗೆ ಇನ್ನೊಬ್ಬ ಅಪ್ಪ ಸಿಕ್ಕರೆ ತನಗೇನೂ ಕಡಿಮೆಯಾಗದು, ಮಗನಿಗೇ ಹೆಚ್ಚು ಸಿಗುತ್ತದೆ ಎಂಬುದು ಅವನಿಗೆ ತಡವಾಗಿ ತಿಳಿಯುತ್ತದೆ. ಎರಡು ಭಾಷೆಯಲ್ಲಿ ಬಾಳುವ ಗಡಿನಾಡಿನವರಿಗೆ ಈ ಮಾತು ಹೊಸದಲ್ಲ. ಮರಾಠಿ ಕಲಿತದ್ದರಿಂದ ನಮ್ಮ ಮನೆಯ ಕನ್ನಡ ಸವೆದಿಲ್ಲ.

ನಾಲ್ಕನೆಯದರಲ್ಲಿ ಪೋ ತನ್ನ ಪಟ್ಟಕ್ಕೆ ಬೇರೊಬ್ಬರನ್ನು ಆರಿಸಬೇಕು. ಅವನಿಗೆ ಮನಸ್ಸಿಲ್ಲ. ಕೊನೆಗೆ ಕಳ್ಳತನ ಬಿಟ್ಟ ಒಂದು ನರಿಗೆ ಪಟ್ಟ ಒಪ್ಪಿಸುತ್ತಾನೆ. ತಿಜೋರಿ ಕೀಲಿ ಉಡದಾರಕ್ಕೆ ಕಟ್ಟಿಕೊಂಡು ಓಡಾಡುವ ನಮ್ಮಂಥ ಮುದುಕರು ನೋಡಬೇಕಾದ ಭಾಗವಿದು.

ಆ ರಾತ್ರಿ ನಾನೇ ಮಗನಿಗೆ ಫೋನು ಹಚ್ಚಿದೆ. "ಅಲ್ಲೋ, ಅಷ್ಟು ದೊಡ್ಡ ಊರಾಗ ನಿನ್ನ ಹತ್ರಾನೇ ಗಿರಾಕಿ ಯಾಕ ಬರ್ತಾರ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅಪ್ಪಾ, ನೀವು ಗಿರಾಕಿ ಕಣ್ಣ ಮುಂದ ತೂಗಿ ಕೊಡ್ತಿದ್ರಲ್ಲಾ, ನಾನೂ ಹಂಗ. ಬಿಚ್ಚಿದ ಹಳೇ ಸಾಮಾನು ಅವರ ಕೈಗೇ ಕೊಟ್ಟು ಹೊಸಾದು ಹಾಕ್ತೀನಿ."

ನನ್ನ ಅಂಗಡಿ ಪುಣೆಯಲ್ಲೂ ನಡೆದಿದೆ ಅಂತ ಆಗ ಗೊತ್ತಾಯ್ತು.