ಮನೆಯವರ ಮೇಲೇಕೆ ಮುನಿಸು?

ಸಂಜೆ ಕೆಲಸ ಮುಗಿಸಿ ಮನೆಯ ಕಡೆ ಹೊರಟಿದ್ದೀರಿ. ದಾರಿಯಲ್ಲಿ ಪರಿಚಯದವರೊಬ್ಬರು ತಡೆದು ಮಾತನಾಡಿಸುತ್ತಾರೆ. ದಣಿವು ಎಷ್ಟೇ ಇದ್ದರೂ ನೀವು ನಗುತ್ತೀರಿ. ಅವರ ಮಕ್ಕಳ ಯೋಗಕ್ಷೇಮ ವಿಚಾರಿಸುತ್ತೀರಿ. ಅಂಗಡಿಯವನು ಚಿಲ್ಲರೆ ಕೊಡಲು ತಡಮಾಡಿದರೂ ಸೈರಿಸುತ್ತೀರಿ. ಅಲ್ಲಿಂದ ನೂರು ಹೆಜ್ಜೆ ನಡೆದು ಮನೆಯ ಹೊಸ್ತಿಲು ದಾಟಿದೊಡನೆ ಆ ನಗೆ ಎಲ್ಲಿ ಹೋಯಿತೋ! ಚಪ್ಪಲಿ ಅಡ್ಡ ಬಿದ್ದಿದೆ, ಕಾಫಿ ಆರಿದೆ, ಮಗು ಲೆಕ್ಕ ತಪ್ಪು ಮಾಡಿದೆ. ಒಂದೊಂದೂ ಒಂದೊಂದು ಅಪರಾಧವಾಗಿ ಕಾಣುತ್ತದೆ. ದಿನವೆಲ್ಲ ಮನೆಯಲ್ಲೇ ದುಡಿದ ಗೃಹಿಣಿಯ ಪಾಡೂ ಬೇರೆಯಲ್ಲ. ನೆರೆಮನೆಯಾಕೆಯೊಡನೆ ಸಕ್ಕರೆಯಂಥ ಮಾತು. ಒಳಗೆ ಬಂದರೆ ಪಾತ್ರೆಗಳ ಸದ್ದೇ ಆಕೆಯ ಮನಸ್ಸಿನ ಸ್ಥಿತಿಯನ್ನು ಸಾರಿ ಹೇಳುತ್ತದೆ.

ಹೀಗೇಕೆ? ಹೊರಗಿನವರ ಮುಂದೆ ಮುಖ ಗಂಟಿಕ್ಕಿದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಮೇಲಧಿಕಾರಿ ಸುಮ್ಮನಿರುವುದಿಲ್ಲ, ಸ್ನೇಹಿತ ದೂರವಾಗುತ್ತಾನೆ. ಮನೆಯವರಾದರೋ ನಮ್ಮನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲವೆಂಬ ನೆಚ್ಚಿಕೆ ನಮಗಿದೆ. ಆ ನೆಚ್ಚಿಕೆಯೇ ಅವರ ಪಾಲಿಗೆ ಶಿಕ್ಷೆಯಾಗುತ್ತದೆ. ಹೊರಗೆ ಗಳಿಸಿದ ಕಹಿಯನ್ನು ನಾವು ಮನೆಯೊಳಗೆ ಖರ್ಚು ಮಾಡುತ್ತೇವೆ.

ಇದು ಎಲ್ಲ ಮತದವರ ಮನೆಯಲ್ಲೂ ಇರುವ ತೊಂದರೆಯೇ. ಕ್ರೈಸ್ತ ಸಂಪ್ರದಾಯ ಇದನ್ನು ಹೇಗೆ ಕಂಡಿದೆ, ಯಾವ ಉಪಾಯ ಹೇಳಿದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಒಂದು ವಿಚಿತ್ರವಾದ ಅಪ್ಪಣೆ ಕೊಡುತ್ತಾರೆ. ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತಿರುವಾಗ, ಸೋದರನೊಬ್ಬನ ಮನಸ್ಸಿನಲ್ಲಿ ನಿನ್ನ ಮೇಲೆ ಬೇಸರವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಡನೆ ಸಮಾಧಾನ ಮಾಡಿಕೊ ಎಂಬುದು ಅದರ ತಾತ್ಪರ್ಯ. ದೇವರ ಪೂಜೆಯೂ ಕಾಯಬಹುದು, ನೊಂದವನು ಕಾಯಬಾರದು ಎಂದಂತಾಯಿತು. ಸಂತ ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ತಂದೆಯರಿಗೆಂದೇ ಒಂದು ಮಾತನ್ನು ಸೇರಿಸಿದ್ದಾನೆ: ಮಕ್ಕಳನ್ನು ಕೆಣಕಬೇಡಿ, ಅವರು ಎದೆಗುಂದಿಯಾರು ಎಂದು ಅದರ ಭಾವ. ಹಿರಿಯರ ಸಿಡುಕು ಎಳೆಯ ಮನಸ್ಸಿಗೆ ಏನು ಮಾಡುತ್ತದೆಂಬುದನ್ನು ಆತ ಬಲ್ಲವನಾಗಿದ್ದ.

ಒಂದು ನಿಜವಾದ ಪ್ರಸಂಗವನ್ನು ನೋಡಿ. 1886ರ ಕ್ರಿಸ್ಮಸ್ ರಾತ್ರಿ. ಫ್ರಾನ್ಸಿನ ಲಿಸಿಯೂ ಎಂಬ ಊರಿನಲ್ಲಿ ಲೂಯಿ ಮಾರ್ಟಿನ್ ಎಂಬಾತ ನಡುರಾತ್ರಿಯ ಪೂಜೆ ಮುಗಿಸಿಕೊಂಡು ಮಕ್ಕಳೊಡನೆ ಮನೆಗೆ ಬಂದ. ಹೆಂಡತಿ ತೀರಿಕೊಂಡು 9 ವರ್ಷಗಳಾಗಿದ್ದವು. ಹಿರಿಯ ಹೆಣ್ಣುಮಕ್ಕಳಿಬ್ಬರು ಆಗಲೇ ಮಠ ಸೇರಿದ್ದರು. ಆತ ದಣಿದಿದ್ದ. ಅಲ್ಲಿಯ ರೂಢಿಯಂತೆ ಕಿರಿಯ ಮಗಳು ತೆರೇಸಾಳ ಉಡುಗೊರೆಗಳು ಒಲೆಯ ಬಳಿ ಪಾದರಕ್ಷೆಯಲ್ಲಿ ಕಾಯುತ್ತಿದ್ದವು. ಅದನ್ನು ಕಂಡ ತಂದೆ, ಸದ್ಯ ಈ ಮಕ್ಕಳಾಟಕ್ಕೆ ಈ ವರ್ಷವೇ ಕೊನೆ ಎಂಬರ್ಥದ ಮಾತೊಂದನ್ನು ಬೇಸರದಿಂದ ಆಡಿಬಿಟ್ಟ. ಮಗಳು ಮೆಟ್ಟಿಲು ಹತ್ತುತ್ತಿದ್ದಳು. ಮಾತು ಅವಳ ಕಿವಿಗೆ ಬಿತ್ತು.

ಹದಿನಾಲ್ಕು ತುಂಬಲು ಇನ್ನು ಕೆಲವೇ ದಿನಗಳಿದ್ದ ಆ ಹುಡುಗಿ ಅಳುಬುರುಕಿ. ಅತ್ತದ್ದಕ್ಕಾಗಿ ಮತ್ತೊಮ್ಮೆ ಅಳುವ ಸ್ವಭಾವದವಳು. ಈಗಲೇ ಕೆಳಗೆ ಇಳಿಯಬೇಡವೆಂದು ಅಕ್ಕ ಸೆಲೀನ್ ಹೇಳಿದಳು. ಆದರೆ ತೆರೇಸಾ ಕಣ್ಣೀರನ್ನು ನುಂಗಿ, ಕೆಳಗಿಳಿದು, ತಂದೆಯ ಮುಂದೆ ಕುಳಿತು ಒಂದೊಂದೇ ಉಡುಗೊರೆಯನ್ನು ನಗುನಗುತ್ತ ತೆಗೆದಳು. ತಂದೆಯೂ ನಕ್ಕ. ಆ ರಾತ್ರಿ ತನ್ನ ಬಾಳು ತಿರುಗಿತೆಂದೂ, ತನ್ನನ್ನು ಮರೆತು ಇನ್ನೊಬ್ಬರನ್ನು ಸಂತೋಷಪಡಿಸುವ ಶಕ್ತಿಯನ್ನು ದೇವರು ಅಂದು ಕೊಟ್ಟನೆಂದೂ ಆಕೆ ಮುಂದೆ ಬರೆದಿಟ್ಟಳು. ಕಾರ್ಮೆಲ್ ಮಠ ಸೇರಿ 1897ರಲ್ಲಿ 24ನೆಯ ವಯಸ್ಸಿನಲ್ಲೇ ತೀರಿಕೊಂಡ ಆಕೆಯನ್ನು 1925ರಲ್ಲಿ ಸಂತಳೆಂದು ಘೋಷಿಸಲಾಯಿತು. ಆ ತಂದೆತಾಯಿಗಳಿಗೂ 2015ರಲ್ಲಿ ಅದೇ ಗೌರವ ಸಂದಿತು.

ಈ ಕಥೆಯನ್ನು ಮಕ್ಕಳಿಗೆ ಹೇಳಿ, ನೋಡಿ, ನೀವೂ ಹೀಗೆ ಸಹಿಸಿಕೊಳ್ಳಬೇಕು ಎಂದು ಮುಗಿಸಿಬಿಡುವುದು ಸುಲಭ. ಆದರೆ ದೊಡ್ಡವರಾದ ನಾವು ಇದನ್ನು ತಂದೆಯ ಕಡೆಯಿಂದ ಓದಬೇಕು. ಸಂತನೆನಿಸಿಕೊಂಡವನಿಗೂ ದಣಿದ ರಾತ್ರಿಯಲ್ಲಿ ನಾಲಗೆ ಜಾರಿತು. ಆ ಒಂದು ಮಾತು ಮೆಟ್ಟಿಲ ಮೇಲಿದ್ದ ಮಗುವನ್ನು ಮುಟ್ಟಿತು. ನಮ್ಮ ಮನೆಗಳಲ್ಲೂ ಮೆಟ್ಟಿಲ ಮೇಲೋ ಬಾಗಿಲ ಮರೆಯಲ್ಲೋ ಒಂದು ಮಗು ನಿಂತೇ ಇರುತ್ತದೆ. ಎಲ್ಲ ಮಕ್ಕಳೂ ನಗುತ್ತ ಕೆಳಗಿಳಿಯುವುದಿಲ್ಲ. ಹಲವರು ಮೇಲೆಯೇ ಉಳಿದುಬಿಡುತ್ತಾರೆ. ಏಕೆಂಬುದು ನಮಗೆ ಬಹಳ ವರ್ಷಗಳವರೆಗೆ ತಿಳಿಯುವುದೇ ಇಲ್ಲ.

ಹಾಗಾದರೆ ಮಾಡುವುದೇನು? ಮುನಿಸು ಬರಲೇಬಾರದೆಂದು ಕ್ರೈಸ್ತ ಗುರುಗಳು ಹೇಳಿಲ್ಲ. ಬಂದದ್ದು ಮನೆಯಲ್ಲಿ ಬೀಡುಬಿಡದಂತೆ ನೋಡಿಕೊಳ್ಳಲು ಕೆಲವು ದಾರಿಗಳನ್ನು ತೋರಿಸಿದ್ದಾರೆ.

ಮೊದಲನೆಯದು, ದೇಹದ ಕಡೆ ಗಮನ. ಹಳೆಯ ಒಡಂಬಡಿಕೆಯ ಪ್ರವಾದಿ ಎಲೀಯನು ಬೇಸತ್ತು, ಬದುಕೇ ಸಾಕೆಂದು ಮರುಭೂಮಿಯಲ್ಲಿ ಒಂದು ಗಿಡದಡಿ ಮಲಗಿಬಿಟ್ಟಾಗ ದೇವದೂತನು ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ; ಉಂಡು ಮಲಗಿದವನನ್ನು ಎಬ್ಬಿಸಿ ಮತ್ತೊಮ್ಮೆ ಕೊಟ್ಟ. ನಮ್ಮ ಎಷ್ಟೋ ಸಿಡುಕು ಹಸಿವಿನದು, ನಿದ್ದೆಗೇಡಿನದು. ಮನೆಗೆ ಬಂದು ಕೈಕಾಲು ತೊಳೆದು, ಒಂದಿಷ್ಟು ತಿಂದು, ಆಮೇಲೆ ಮಕ್ಕಳ ಲೆಕ್ಕ ನೋಡಿದರೆ ತಪ್ಪುಗಳು ಕಡಿಮೆ ಕಾಣುತ್ತವೆ.

ಎರಡನೆಯದು, ದಿನದ ಲೆಕ್ಕ ಒಪ್ಪಿಸುವುದು. ಹದಿನಾರನೆಯ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲ ತನ್ನ ಶಿಷ್ಯರಿಗೆ ಆತ್ಮಪರೀಕ್ಷೆಯ ಒಂದು ಕ್ರಮವನ್ನು ಹಾಕಿಕೊಟ್ಟ. ಅದರಲ್ಲಿ ಮೊದಲ ಮೆಟ್ಟಿಲು ತಪ್ಪಿನ ಎಣಿಕೆಯಲ್ಲ, ಪಡೆದ ಒಳಿತಿಗೆ ಕೃತಜ್ಞತೆ. ಅನಂತರ ಬೆಳಕಿಗಾಗಿ ಬೇಡಿಕೆ, ಗಳಿಗೆ ಗಳಿಗೆಯ ಪರಿಶೀಲನೆ, ಕ್ಷಮಾಯಾಚನೆ, ನಾಳೆಯ ಸಂಕಲ್ಪ. ಹೆಂಡತಿಯ ಮೇಲೆ ಹರಿಹಾಯ್ದದ್ದು ನಿಜಕ್ಕೂ ಮಧ್ಯಾಹ್ನ ಕಚೇರಿಯಲ್ಲಿ ಹುಟ್ಟಿದ ಕೋಪವೆಂಬುದು ಇಂಥ ಹತ್ತು ನಿಮಿಷಗಳಲ್ಲಿ ತಾನಾಗಿ ಹೊಳೆಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಕೋಪದ ಮೇಲೆ ಸೂರ್ಯ ಮುಳುಗಬಾರದೆಂಬುದು ಎಫೆಸದವರಿಗೆ ಬರೆದ ಪತ್ರದ ಬುದ್ಧಿವಾದ. ಆರನೆಯ ಶತಮಾನದಲ್ಲಿ ಮಠವಾಸಿಗಳಿಗೆ ನಿಯಮ ಬರೆದ ಸಂತ ಬೆನೆಡಿಕ್ಟನು ಜಗಳವಾಡಿದವರು ಹೊತ್ತು ಮುಳುಗುವ ಮೊದಲೇ ರಾಜಿಯಾಗಬೇಕೆಂದ. ಒಟ್ಟಿಗೆ ಬಾಳುವವರ ನಡುವೆ ಮುಳ್ಳು ಮೊಳೆಯುವುದು ಸಹಜವೆಂದು ಬಲ್ಲ ಆತ, ಪ್ರತಿದಿನ ಬೆಳಗು ಬೈಗು ಯೇಸು ಕಲಿಸಿದ ಪ್ರಾರ್ಥನೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿಸಿದ. ನಾವು ಇತರರನ್ನು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸೆಂಬ ಬೇಡಿಕೆ ಅದರಲ್ಲಿದೆಯಷ್ಟೆ. 1609ರಲ್ಲಿ ಸಂಸಾರಿಗಳಿಗಾಗಿಯೇ ಭಕ್ತಿಯ ಪುಸ್ತಕ ಬರೆದ ಫ್ರಾನ್ಸಿಸ್ ದ ಸಾಲ್, ಕೋಪ ಮಾಡಿದ್ದು ತಿಳಿದ ಕೂಡಲೆ ಅದೇ ವ್ಯಕ್ತಿಗೆ ಮೃದುವಾದ ನಡತೆಯೊಂದನ್ನು ತೋರಿ ಸರಿಪಡಿಸಿಕೊಳ್ಳಬೇಕೆಂದ. ಹಸಿಗಾಯ ಬೇಗ ಮಾಯುತ್ತದೆಂದು ಆತನ ತರ್ಕ.

ಇಲ್ಲಿ ಒಂದು ಎಚ್ಚರಿಕೆ. ಕ್ಷಮೆಯ ಹೆಸರಿನಲ್ಲಿ ಹೊಡೆತ ಬಡಿತಗಳನ್ನು ಸಹಿಸಿಕೊಂಡಿರಬೇಕೆಂದು ಇದರ ಅರ್ಥವಲ್ಲ. ವಾರಗಟ್ಟಲೆ ಮಂಕು ಕವಿದು, ಊಟ ನಿದ್ದೆಗಳು ಕೆಟ್ಟರೆ ಅದು ಬರಿಯ ಮುನಿಸಲ್ಲ, ಕಾಯಿಲೆಯಿರಬಹುದು. ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಬೇಕು.

ನಮ್ಮ ಮಂಗಳೂರು ಸೀಮೆಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಒಂದು ಹಳೆಯ ರೂಢಿಯಿದೆ. ಸಂಜೆ ಮನೆಮಂದಿಯೆಲ್ಲ ಸೇರಿ ‘ತೇರ್ಸ್’ ಎಂಬ ಜಪಮಾಲೆ ಪ್ರಾರ್ಥನೆ ಹೇಳುತ್ತಾರೆ. ಕ್ಷಮೆಯ ಬೇಡಿಕೆಯುಳ್ಳ ಆ ಪ್ರಾರ್ಥನೆ ಇದರಲ್ಲಿ ಮತ್ತೆ ಮತ್ತೆ ಬರುತ್ತದೆ. ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’, ಎಂದರೆ ಆಶೀರ್ವಾದ, ಬೇಡುತ್ತಾರೆ. ಆಗತಾನೆ ಗದರಿಸಿಕೊಂಡ ಮಗು ಎದುರಿಗೆ ಬಂದು ನಿಂತಾಗ ಮುಖ ಗಂಟಿಕ್ಕಿಕೊಂಡು ಹರಸುವುದು ಯಾರಿಂದಾದೀತು? ಹಿರಿಯರಿಗೆ ಸೋಲುವ ಅವಕಾಶವನ್ನು ಆ ರೂಢಿ ದಿನವೂ ಒದಗಿಸಿಕೊಡುತ್ತದೆ.

ನಿಮ್ಮ ಮನೆಯ ಪದ್ಧತಿ ಬೇರೆಯಿರಬಹುದು. ದೀಪ ಆರಿಸುವ ಮುನ್ನ, ಇಂದು ಯಾರ ಮೇಲೆ ವೃಥಾ ರೇಗಿದಿರೋ ಅವರ ಹತ್ತಿರ ಹೋಗಿ. ದೊಡ್ಡ ಮಾತೇನೂ ಬೇಡ. ‘ತಪ್ಪು ನಿನ್ನದಲ್ಲ, ನನ್ನ ಮನಸ್ಸೇ ಸರಿಯಿರಲಿಲ್ಲ’ ಎಂದರೆ ಸಾಕು. ಮಗು ಆಗಲೇ ನಿದ್ದೆಹೋಗಿದ್ದರೆ, ಬೆಳಗ್ಗೆ ಎದ್ದೊಡನೆ ಮರೆಯದೆ ಹೇಳಿ.